ಹರಳಿನ ನಡುಕ, ನನ್ನ ಕೈ

ನಮ್ಮ ಸಂಧ್ಯಾ ಡಾಕ್ಟರಾದಳು! ಸೂಜಿ ಚುಚ್ಚುವ ಡಾಕ್ಟರಲ್ಲ, ಹರಳಿನ ಡಾಕ್ಟರು. ನಿನ್ನೆ ವಿಶಾಖಪಟ್ಟಣದಲ್ಲಿ ದೊಡ್ಡವರೆಲ್ಲ ಎರಡು ತಾಸು ಪ್ರಶ್ನೆ ಕೇಳಿ, ಕಡೆಗೆ ಎದ್ದು ನಿಂತು ಕೈಕುಲುಕಿದರಂತೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಇಲ್ಲಿ ವಿಜಯವಾಡದ ಮಗಳ ಓಣಿಯ ತುಂಬ ಹೇಳಿಕೊಂಡು ಬಂದೆ. ಹಾಲಿನವನಿಗೆ ಎರಡು ಸಲ ಹೇಳಿದೆ. ಆದರೆ ಮೊಮ್ಮಗಳ ಓದನ್ನು ಮುಳುಗಿಸಲು ಹೊರಟವಳೂ ನಾನೇ. ಅದನ್ನು ಓಣಿಯಲ್ಲಿ ಹೇಳಲಿಲ್ಲ.

ಗಡಿಯಾರದೊಳಗೆ ಇರುತ್ತದಲ್ಲ, ಆ ಜಾತಿಯ ಕ್ವಾರ್ಟ್ಸ್ ಹರಳು ಅವಳದು. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ನಡುಗುತ್ತದೆ. ಕರೆಂಟು ಹೆಚ್ಚಿಸಿದರೆ ಆ ಎಣಿಕೆ ತಪ್ಪುತ್ತದೆ, ಅದೂ ಎರಡರಷ್ಟು ಕೊಟ್ಟರೆ ನಾಲ್ಕರಷ್ಟು! "ಮೆಲ್ಲಗ ಕೇಳಿದ್ರ ಗದ್ದಲದಾಗ ಅದರ ದನಿ ಕೇಳಸೂದಿಲ್ಲ, ಒತ್ತಿ ಕೇಳಿದ್ರ ಸುಳ್ಳು ಹೇಳತದ ಅಜ್ಜಿ," ಅಂದಿದ್ದಳು. "ಥೇಟ್ ನಿಮ್ಮಜ್ಜ," ಅಂದೆ ನಾನು.

ಕಾಲೇಜಿನಲ್ಲಿ ರಸ್ತೆಯ ಅದುರು ಹೆಚ್ಚೆಂದು ಹರಳಿನ ಪೆಟ್ಟಿಗೆಯನ್ನು ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯ ನಮ್ಮ ಮನೆಯ ಹಿಂದಿನ ಕೋಣೆಗೆ ತಂದಿಟ್ಟಳು. ಇಪ್ಪತ್ತು ದಿನ ಅದು ಕರೆಂಟಿನ ಮೇಲೆ ಬಿಡುವಿಲ್ಲದೆ ಬೆಚ್ಚಗಿರಬೇಕು. ಮಿಕ್ಸರ್ ಬಂದ್, ಚಟ್ನಿ ಬಂದ್. ಸ್ವಂತ ಮನೆಯಲ್ಲಿ ಕಳ್ಳರ ಹಾಗೆ ಓಡಾಡಿದೆವು. ಹದಿನೆಂಟನೇ ದಿನ ಅವಳು ಕಾಲೇಜಿಗೆ ಹೋಗಿದ್ದಾಗ, ಮಗ ಸೊಸೆಯ ಜೊತೆ ನಾನು ವಿಜಯವಾಡಕ್ಕೆ ಹೊರಟೆ. ಬ್ಯಾಂಕಿನವರ ಹೆಂಡತಿಯಾಗಿ ವರ್ಗದ ಮೇಲೆ ವರ್ಗವಾಗಿ ಒಂಬತ್ತು ಊರಿನ ಮನೆ ಖಾಲಿ ಮಾಡಿದ ಕೈ ಇದು. ಕಡೆಗೆ ಹೊರಬೀಳುವವಳು ಗ್ಯಾಸು, ನಲ್ಲಿ, ಮೇನ್ ಸ್ವಿಚ್ಚು ನೋಡಲೇಬೇಕು. ನೋಡಿದೆ. ಆರಿಸಿದೆ.

ಸಂಜೆ ಫೋನು ಬಂತು. "ಅಜ್ಜಿ, ಮೇನ್ ನೀ ಆರಿಸಿದ್ಯಾ?"

"ಹೂಂ ಮತ್ತ! ನಿಮ್ಮವ್ವಗ ಎಲ್ಲಿ ನೆನಪಿರತದ?" ಅಂದೆ ಜಂಬದಿಂದ.

"ಅಯಿಪೋಯಿಂದಿ," ಅಂದಳು, ಮುಗಿದುಹೋಯಿತು ಎಂದು. ಆಂಧ್ರದಲ್ಲೇ ಬೆಳೆದವಳು, ಅವಳಿಗೆ ಅಳು ಬರುವುದು ತೆಲುಗಿನಲ್ಲಿಯೇ.

ಆ ವಾರವೇ ಪ್ರಬಂಧ ಒಪ್ಪಿಸುವ ಗಡುವು. ಐದು ವರ್ಷದ ಓದು. ಕೈಮುಗಿದು ಬೇಡಿ ಎರಡು ತಿಂಗಳು ಪಡೆದು ಮತ್ತೆ ಮೊದಲಿನಿಂದ ಶುರುಮಾಡಿದಳು. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಉಣ್ಣುತ್ತಾಳೆ, ಅರ್ಧಕ್ಕೇ ಏಳುತ್ತಾಳೆ ಎಂದು ವಾಪಸು ಹೋದ ಸೊಸೆ ಫೋನಿನಲ್ಲಿ ಹೇಳುತ್ತಿದ್ದಳು. ನನ್ನನ್ನು ಯಾರೂ ಬೈಯಲಿಲ್ಲ, ಬೈದಿದ್ದರೆ ಬದುಕುತ್ತಿದ್ದೆ. ಮಂಡಿನೋವು ಎಂದು ಸುಳ್ಳು ಹೇಳಿ ಇಲ್ಲೇ ಉಳಿದೆ. ಗದ್ದಲ ಎಲ್ಲಿಂದ ಬರುತ್ತದೋ ಅದನ್ನು ದೂರ ಇಡಬೇಕು ಎಂದು ಅವಳೇ ಕಲಿಸಿದ್ದಳಲ್ಲ.

ಇವತ್ತು ಸಂಜೆ ಎಲ್ಲರೂ ಇಲ್ಲಿಗೆ ಬಂದರು. ಸಂಧ್ಯಾ ಚಪ್ಪಲಿ ಬಿಡುತ್ತಲೇ, "ಮಂಡಿ ಹೆಂಗದ?" ಅಂದಳು.

"ಆರಾಮ ಆತು."

"ಗೊತ್ತಿತ್ತು. ನಾಳೆ ನಡಿ ಮನಿಗೆ."

ಊಟಕ್ಕೆ ಎಲ್ಲರೂ ಒಟ್ಟಿಗೇ ಕೂತೆವು, ಅವಳು ನನ್ನ ಮಗ್ಗುಲಲ್ಲಿ. ಯಾರೂ ಒತ್ತಾಯ ಮಾಡದೆಯೇ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ನನ್ನನ್ನು ಕ್ಷಮಿಸಿದೆಯಾ ಎಂದು ಕೇಳಬೇಕೆಂದಿದ್ದೆ. ಬಾಯಿ ತುಂಬ ತುತ್ತಿತ್ತು, ಅದಕ್ಕೇ ಕೇಳಲಿಲ್ಲ ಎಂದಿಟ್ಟುಕೊಳ್ಳಿ.