ನಾಲ್ಕು ಕಂತಿನ ಟೀವಿ ಕಂಪನಿ

ಕೊಪ್ಪಳ ಜಿಲ್ಲೆಯಾದ ಮರುವರ್ಷ ನನಗೊಂದು ಯೋಚನೆ ಬಂತು. ಹೊಸ ಜಿಲ್ಲೆಗೆ ಡಿ.ಸಿ. ಬಂದಿದ್ದರು, ಎಸ್.ಪಿ. ಬಂದಿದ್ದರು, ಅವರು ಕೂರಲು ಕುರ್ಚಿಗಳೂ ಬಂದಿದ್ದವು. ಬಾರದೆ ಉಳಿದದ್ದು ಒಂದೇ: ಟೀವಿ ಧಾರಾವಾಹಿ ಕಂಪನಿ. ಆ ಕೊರತೆ ನೀಗಿಸುವ ಹೊಣೆ, ಕುಷ್ಟಗಿಯಲ್ಲಿ ಮದುವೆ ವಿಡಿಯೋ ತೆಗೆಯುತ್ತಿದ್ದ ನನ್ನ ಹೆಗಲ ಮೇಲೆ ಬಿತ್ತು. ಹೊರಿಸಿದವರು ಯಾರೆಂದು ಕೇಳಬೇಡಿ. ನಾನೇ!

ಯೋಜನೆ ಸರಳವಾಗಿತ್ತು. ಹದಿಮೂರು ಕಂತಿನ ಅತ್ತೆ ಸೊಸೆ ಕತೆ ತೆಗೆಯುವುದು. ಒಂದೇ ಕ್ಯಾಸೆಟ್ಟನ್ನು ಗಂಗಾವತಿ, ಕೊಪ್ಪಳ, ಯಲಬುರ್ಗಾ, ಕುಷ್ಟಗಿಯ ಕೇಬಲ್‌ನವರಿಗೆ ಸರದಿಯಂತೆ ಕೊಡುವುದು. ತಯಾರಿಕಾ ವಿಭಾಗ ನಮ್ಮ ಹಿತ್ತಲು. ವಿತರಣಾ ವಿಭಾಗ ಬಸ್ಸಿನ ಕಂಡಕ್ಟರು. ಚೇರ್ಮನ್ ನಾನು.

ಬಟ್ಟೆ ಹೊಲಿಯುತ್ತಿದ್ದ ನನ್ನ ಹೆಂಡತಿ ಶಾಂತಾಳಿಗೆ ಸೊಸೆಯ ಪಾತ್ರ ಕೊಟ್ಟೆ. ಅತ್ತೆಯ ಪಾತ್ರಕ್ಕೆ ಪಕ್ಕದ ಮನೆಯ ಖೈರುನ್‌ಬಿ ಚಾಚಿಯನ್ನು ಕೇಳಿದೆ.

"ಬೈಯೂದು ಅಷ್ಟ ಹೌದಿಲ್ಲೋ? ಅದನ್ನ ಯಾಕ ಹಾಳಿ ಮ್ಯಾಲ ಬರದ್ ಕೊಡ್ತಿ ಬೇಟಾ?" ಎಂದರು ಚಾಚಿ.

ಬೈದರು ನೋಡಿ! ಅಂಥ ಬೈಗುಳ ನಾನು ಏಳು ಜನ್ಮ ಕೂತು ಬರೆದರೂ ಬರುತ್ತಿರಲಿಲ್ಲ. ತೊಂದರೆ ಒಂದೇ. ಬೈದು ಮುಗಿದ ಕೂಡಲೇ ಶಾಂತಾಳನ್ನು ತಬ್ಬಿಕೊಂಡು ತಾವೇ ಅಳುತ್ತಿದ್ದರು. ಅತ್ತೆ ಸೊಸೆ ತಬ್ಬಿಕೊಂಡರೆ ಕತೆ ಅಲ್ಲಿಗೇ ಮುಗಿಯಿತಲ್ಲ! ನನಗಿನ್ನೂ ಹನ್ನೆರಡು ಕಂತು ಬೇಕಿತ್ತು.

ಮೊದಲ ಕಂತಿನಲ್ಲಿ ಮೈಕಿನ ಗುಂಡಿ ಒತ್ತುವುದನ್ನು ಮರೆತೆ. ಕೊಪ್ಪಳದಲ್ಲಿ ನೋಡಿದವರೆಲ್ಲ ತಮ್ಮ ತಮ್ಮ ಟೀವಿಯ ನೆತ್ತಿಗೆ ಬಡಿದರಂತೆ. ಎರಡನೆಯದರಲ್ಲಿ ದನಿ ಬಂತು, ಆದರೆ ಚಾಚಿಯದ್ದಕ್ಕಿಂತ ಅವರ ಕೋಳಿಯದ್ದೇ ಹೆಚ್ಚು. ಮೂರನೆಯದು ಸರಿಯಾಗಿತ್ತು. ಅದು ಯಲಬುರ್ಗಾಕ್ಕೆ ಹೋದ ದಿನ ಅಲ್ಲಿ ಕರೆಂಟೇ ಇರಲಿಲ್ಲ.

ನಾಲ್ಕನೆಯ ಕಂತಿಗೆ ಖಾಲಿ ಕ್ಯಾಸೆಟ್ ಮುಗಿದಿತ್ತು. ಕಪಾಟಿನಲ್ಲಿ ಚೀಟಿ ಉದುರಿದ ಒಂದು ಕ್ಯಾಸೆಟ್ ಸಿಕ್ಕಿತು.

"ರೀ, ಅದರಾಗ ಏನೈತಿ ಒಂದ್ಸಲ ಹಾಕಿ ನೋಡ್ರಿ," ಎಂದಳು ಶಾಂತಾ.

"ಯಾವುದ್ರಾಗ ಏನೈತಿ ಅಂತ ಚೇರ್ಮನ್ನಗ ಗೊತ್ತಿರ್ತೈತಿ!" ಎಂದೆ. ಅದರ ಮೇಲೆಯೇ ನಾಲ್ಕನೆಯ ಕಂತು ತುಂಬಿಸಿ ಗಂಗಾವತಿ ಬಸ್ಸಿಗೆ ಕೊಟ್ಟೆ.

ಚೇರ್ಮನ್ನನಿಗೆ ಗೊತ್ತಿರಲಿಲ್ಲ. ಅದು ತಳಕಲ್ಲಿನ ವೀರಭದ್ರಪ್ಪನವರ ಮಗಳ ಮದುವೆಯ ಕ್ಯಾಸೆಟ್ಟಾಗಿತ್ತು! ಕಂಪನಿಯ ಕೆಲಸದ ಭರದಲ್ಲಿ ಅದನ್ನು ಅವರಿಗೆ ಮುಟ್ಟಿಸುವುದನ್ನು ಎರಡು ತಿಂಗಳಿಂದ ಮುಂದೂಡುತ್ತ ಬಂದಿದ್ದೆ. ಗಂಗಾವತಿಯ ಕೇಬಲ್‌ನವನು ಕ್ಯಾಸೆಟ್ ಹಚ್ಚಿ ಮಿರ್ಚಿ ಭಜಿ ತಿನ್ನಲು ಹೋಗಿದ್ದ. ನನ್ನ ಕಂತು ಮುಗಿಯಿತು. ಕ್ಯಾಸೆಟ್ ಮುಗಿಯಲಿಲ್ಲ. ಉಳಿದ ಮದುವೆಯನ್ನು ಗಂಗಾವತಿಗೆ ಗಂಗಾವತಿಯೇ ನೋಡಿತು!

ಮರುದಿನ ಬೆಳಿಗ್ಗೆ ಮನೆ ಮುಂದೆ ಜೀಪು ನಿಂತಿತು. ವೀರಭದ್ರಪ್ಪನವರು, ಅವರ ವಯಸ್ಸಾದ ತಾಯಿ, ಮದುಮಗಳು ಗಿರಿಜಾ ಇಳಿದರು. ನಾನು ವೀರಾವೇಶದಿಂದ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ.

"ಹೊರಗ ಬರ್ರಿ," ಎಂದಳು ಶಾಂತಾ ಮೆಲ್ಲಗೆ. "ಅವರು ಜಗಳಕ್ಕ ಬಂದಂಗ ಕಾಣವಲ್ದು."

ವೀರಭದ್ರಪ್ಪನವರ ಕೈಯಲ್ಲಿ ಆ ಕ್ಯಾಸೆಟ್ಟಿತ್ತು. "ಮಗಳ ಮದುವಿ ಆದ ತಿಂಗಳಿಗೆ ನಮ್ಮಪ್ಪ ತೀರಿಕೊಂಡ್ರಿ," ಎಂದರು. "ನಿನ್ನಿ ಅವರು ಟೀವಿಯಾಗ ಬಂದಿದ್ರು ಅಂತ ಗಂಗಾವತಿಯಿಂದ ನಮ್ಮ ತಂಗಿ ಅಳಕೋತ ಫೋನ್ ಮಾಡಿದ್ಳು. ಕೇಬಲ್‌ನವರ ಕಡಿಂದ ಇದನ್ನ ಇಸಕೊಂಡ್ ಬಂದೀವಿ. ನಮ್ಮವ್ವಗ ಒಮ್ಮಿ ತೋರಸ್ರಿ."

ಕ್ಯಾಸೆಟ್ ಹಚ್ಚಿದೆ. ಪರದೆಯ ಮೇಲೆ ಶಾಂತಾ ಕೊಡ ಹಿಡಿದು ಬಂದಳು. ಚಾಚಿ ಬೈದರು. ಕೋಳಿಯೂ ಬಂತು. ಮುಂದಕ್ಕೆ ಓಡಿಸುವ ಗುಂಡಿ ಕೆಟ್ಟಿತ್ತು. ಇಡೀ ನಾಲ್ಕನೆಯ ಕಂತನ್ನು ಅವರೆಲ್ಲ ಉಸಿರು ಬಿಗಿಹಿಡಿದು ನೋಡಿದರು. ನನ್ನ ಕಂಪನಿಯ ಇತಿಹಾಸದಲ್ಲಿ ಅಷ್ಟು ಶ್ರದ್ಧೆಯ ಪ್ರೇಕ್ಷಕರು ಮತ್ತೆ ಸಿಗಲಿಲ್ಲ.

ಆಮೇಲೆ ಊಟದ ಪಂಕ್ತಿ ಬಂತು. ಹಳದಿ ಪಟಗಾ ಸುತ್ತಿದ ಅಜ್ಜ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ ಕ್ಯಾಮೆರಾ ಕಡೆ ಕೈ ಬೀಸಿದರು: "ಏ ತಮ್ಮಾ, ನನ್ನ ಯಾಕ ಹಿಡೀತಿ? ಮದುಮಗನ್ನ ಹಿಡಿ ಹೋಗು!"

ಅಜ್ಜಿ ಎದ್ದು ಟೀವಿಯ ಹತ್ತಿರ ಹೋಗಿ ಕೂತರು. ಕಣ್ಣೊರೆಸಿಕೊಳ್ಳಲಿಲ್ಲ. ಪರದೆಯಲ್ಲಿ ಬಡಿಸುತ್ತಿದ್ದವರಿಗೆ ಹೇಳಿದರು: "ಇನ್ನೊಂದು ಹಾಕ್ರೆವ್ವಾ ಅವರಿಗೆ. ತಾವಾಗೇ ಕೇಳೂದಿಲ್ಲ."

ಕ್ಯಾಸೆಟ್ ಮುಗಿದ ಮೇಲೆ ವೀರಭದ್ರಪ್ಪನವರು ಕೇಳಿದರು, "ತಾಳಿ ಕಟ್ಟಿದ್ದು ಎಲ್ಲೈತ್ರಿ?"

ಸುಳ್ಳು ಹೇಳಬಹುದಿತ್ತು. ಆದರೆ ಆ ಅಜ್ಜಿ ಇನ್ನೂ ಟೀವಿಯ ಮುಂದೆಯೇ ಕೂತಿದ್ದರು. "ಅಳಿಸಿ ಹೋಗೇತ್ರಿ," ಎಂದೆ. "ನನ್ನ ಹೆಂಡ್ತಿ ನೀರು ಸೇದಾಕ ಬಂದಾಳಲ್ರಿ, ಅಲ್ಲೇ ಇತ್ತು. ತಪ್ಪು ನಂದೇ. ಅಕಿ ನೋಡ್ರಿ ಅಂದಿದ್ಳು, ನಾನು ಕೇಳಲಿಲ್ಲ."

ವೀರಭದ್ರಪ್ಪನವರ ಮುಖ ಬಿಗಿಯಿತು. ಮಾತಾಡಿದ್ದು ಗಿರಿಜಾ. "ಇರ್ಲಿ ಬಿಡಪ್ಪಾ. ತಾಳಿ ಕಟ್ಟಿದ್ದು ನನಗ ನೆನಪೈತಿ, ತಾಳಿ ಕೊಳ್ಳಾಗೈತಿ. ಅಜ್ಜ ಉಳದಾನಲ್ಲ, ಅಷ್ಟ ಸಾಕು. ಇವರು ಊಟದ್ದರ ಮ್ಯಾಲ ತುಂಬಿದ್ರ ಏನ್ ಮಾಡ್ತಿದ್ವಿ?"

ಹೊರಡುವಾಗ ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟು "ಪುಣ್ಯಾ ಬರ್ಲೆಪ್ಪ ನಿನಗ" ಎಂದರು. ಹೊಡೆದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಇವತ್ತಿಗೂ ಆ ಮನೆಯವರನ್ನು ನೆನೆದರೆ ಕೈ ತಾನಾಗಿ ಮುಗಿಯುತ್ತದೆ. ನನ್ನ ಪರವಾಗಿ ಬಾಗಿಲಲ್ಲಿ ನಿಂತು ಅವರಿಗೆ ಚಹಾ ಕೊಟ್ಟ ಶಾಂತಾಳಿಗೂ, ಗೋಡೆಯಾಚೆಯಿಂದ "ನಮ್ಮ ಬೇಟಾಗ ಯಾರೂ ಬೈಬ್ಯಾಡ್ರಿ, ಬೈಯೂದು ನನ್ನ ಕೆಲಸ!" ಎಂದು ಕೂಗಿದ ಚಾಚಿಗೂ ನಾನು ಋಣಿ.

ಆ ವಾರವೇ ಕಂಪನಿ ಮುಚ್ಚಿದೆ. ಸುದ್ದಿ ಹೇಳಲು ಗಂಗಾವತಿಗೆ ಫೋನ್ ಮಾಡಿದರೆ ಕೇಬಲ್‌ನವನು ಗಾಬರಿಯಾದ.

"ಬ್ಯಾಡ್ರಿ ಚೇರ್ಮನ್ನರ! ಆ ಹೋಳಿಗಿ ಅಜ್ಜಂದು ಮುಂದಿನ ಕಂತು ಯಾವಾಗ ಅಂತ ಮಂದಿ ಕೇಳಾಕತ್ಯಾರ!"

ನನ್ನ ಎದೆ ಸ್ವಲ್ಪ ಉಬ್ಬಿತು. "ನಮ್ಮ ಅತ್ತಿ ಸೊಸಿ ಕತಿ ಬಗ್ಗೆ ಏನರ ಅಂದ್ರೇನು?"

"ಅಂದ್ರಿ. ಅಜ್ಜ ಬರೂಕಿಂತ ಮೊದಲ ಏನೋ ಅಡ್ಡ ಬರ್ತೈತಲ್ಲ, ಈ ಸಲ ಅದನ್ನ ತಗದು ಕಳಸ್ರಿ ಅಂದ್ರು!"