ಅತ್ತೆಯವರ ಬಾಚಣಿಗೆ

ನನ್ನ ಜ್ಞಾಪಕಶಕ್ತಿಯ ಬಗ್ಗೆ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅದನ್ನು ನೆಚ್ಚಿ ಕೂರುವ ಹಾಗಿಲ್ಲ. ಶಿಕಾರಿಪುರದಲ್ಲಿ ಇಪ್ಪತ್ತು ವರ್ಷದಿಂದ ಡಾಕ್ಟರಾಗಿದ್ದೂ, ಚೀಟಿಯಿಲ್ಲದೆ ಸಂತೆಗೆ ಹೋದರೆ ಮೂರು ಸಾಮಾನಿಗೆ ಎರಡೇ ತರುತ್ತೇನೆ. ಓದುವಾಗಲಂತೂ ರೋಗಲಕ್ಷಣಗಳು ತಲೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಗೆಳೆಯನೊಬ್ಬ, "ಒಂದೊಂದು ಕಾಯಿಲೆಗೂ ಗೊತ್ತಿರೋರನ್ನ ತಲೆಯೊಳಗೇ ಕೂರಿಸಿ ಚಿತ್ರ ಮಾಡ್ಕೊಳೋ ಮಾರಾಯ, ಸಾಯೋವರೆಗೂ ಮರೆಯಲ್ಲ" ಎಂದ.

ಆಗಷ್ಟೇ ಮದುವೆಯಾಗಿತ್ತು. ಜೈಂಟ್ ಸೆಲ್ ಆರ್ಟರೈಟಿಸ್ ಎಂಬ, ವಯಸ್ಸಾದವರ ತಲೆಯ ರಕ್ತನಾಳ ಊದಿಕೊಳ್ಳುವ ಕಾಯಿಲೆಗೆ ಸೊರಬದ ಹತ್ತಿರದ ಹೊಸಬಾಳೆಯ ನಮ್ಮ ಅತ್ತೆಯವರನ್ನು ಕೂರಿಸಿದೆ. ಅವರಿಗಾಗ ಅಷ್ಟು ವಯಸ್ಸಾಗಿರಲಿಲ್ಲ. ಕೂದಲಿಗೆ ನಾನೇ ಸುಣ್ಣ ಬಳಿದೆ. ಚಿತ್ರದಲ್ಲಿ ಅವರು ಕಣತಲೆ ಒತ್ತಿಕೊಂಡಿದ್ದಾರೆ. ಬಾಚಣಿಗೆ ತಾಗಿದರೆ "ಅಯ್ಯೋ" ಅನ್ನುತ್ತಾರೆ. ಚಕ್ಕುಲಿ ಎರಡು ಸಲ ಅಗಿದು, ದವಡೆ ನೋವೆಂದು ತಟ್ಟೆಗೆ ಹಾಕುತ್ತಾರೆ. ತಡಮಾಡಿದರೆ ದೃಷ್ಟಿ ಹೋಗುತ್ತದೆಂಬ ನೆನಪಿಗೆ ಒಂದು ಕಣ್ಣಿಗೆ ಪರದೆ ಇಳಿಬಿಟ್ಟೆ. ಪಾಸಾದೆ. ಆ ಖುಷಿಯಲ್ಲಿ ಹೆಂಡತಿಗೆ ಗುಟ್ಟು ಹೇಳಿದೆ. ಎರಡು ದಿನ ನನ್ನ ಕಾಫಿ ನಾನೇ ಮಾಡಿಕೊಳ್ಳಬೇಕಾಯಿತು.

ಹೋದ ವರ್ಷ ಅತ್ತೆ ನಮ್ಮ ಮನೆಗೆ ಬಂದರು. "ತಲೆನೋವು ಬಿಡ್ತಾನೇ ಇಲ್ಲ ಅಳಿಯಂದ್ರೇ, ಬಾಚಣಿಗೆ ಮುಟ್ಟಿಸಂಗಿಲ್ಲ" ಎಂದರು. ಕಾಫಿಯ ಜೊತೆ ಕೊಟ್ಟ ಚಕ್ಕುಲಿಯನ್ನು ಎರಡು ಸಲ ಅಗಿದು ತಟ್ಟೆಗೆ ಹಾಕಿ, "ದವಡೆ ಹಿಡ್ಕಂಡಂಗೆ ಆಗ್ತದೆ" ಎಂದರು. ಓಹೋ, ಮಗಳು ಬಾಯಿಬಿಟ್ಟಿದ್ದಾಳೆ, ತಾಯಿ ಸೇಡು ತೀರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡು ನಕ್ಕೆ. "ನಾಟಕ ಚೆನ್ನಾಗಿದೆ ಅತ್ತೆ, ಇನ್ನು ಕಣ್ಣೊಂದು ಬಾಕಿ" ಎಂದೆ.

"ಅದನ್ನೇ ಹೇಳಣ ಅಂತಿದ್ದೆ. ಬೆಳಿಗ್ಗೆ ಬಸ್ಸಲ್ಲಿ ಬಲಗಣ್ಣಿಗೆ ಪರದೆ ಬಿದ್ದಂಗಾಗಿ, ಆಮೇಲೆ ಸರಿಹೋಯ್ತು."

ಅಡುಗೆಮನೆಗೆ ಓಡಿ, ಹೇಳಿಬಿಟ್ಟೆಯಾ ಎಂದು ಹೆಂಡತಿಯನ್ನು ಕೇಳಿದೆ. "ನಾನ್ಯಾಕ್ರೀ ಹೇಳ್ಲಿ? ಹೇಳಿದ್ರೆ ಅಮ್ಮ ಈ ಮನೆಗೆ ಕಾಲಿಡ್ತಿದ್ರಾ?" ಎಂದಳು. ನನಗೆ ಅಷ್ಟು ಹೆದರಿಕೆ ಪರೀಕ್ಷೆಯಲ್ಲೂ ಆಗಿರಲಿಲ್ಲ. ಅತ್ತೆಗೆ ಆಗಲೇ ಸ್ಟೆರಾಯ್ಡ್ ಮಾತ್ರೆ ನುಂಗಿಸಿ, ಶಿವಮೊಗ್ಗಕ್ಕೆ ಕರೆದೊಯ್ದೆ. ಇನ್ನೊಂದು ದಿನ ಬಿಟ್ಟಿದ್ದರೆ ಕಣ್ಣು ಹೋಗುವ ಸಂಭವವಿತ್ತು ಎಂದರು ಅಲ್ಲಿನ ಡಾಕ್ಟರು. ಕಣ್ಣು ಉಳಿಯಿತು.

ಈಗ ಅತ್ತೆ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ, "ನಾನು ಹೇಳದ್ರೊಳಗೆ ಕಣ್ಣಿನ ವಿಷಯ ಅವ್ರೇ ಎತ್ತಿದ್ರು! ನಮ್ಮ ಅಳಿಯಂದ್ರಿಗೆ ಸದಾ ನಂದೇ ಧ್ಯಾನ" ಎನ್ನುತ್ತಾರೆ. ಹೆಂಡತಿ ನನ್ನ ಮುಖ ನೋಡುತ್ತಾಳೆ. ಹಬ್ಬಕ್ಕೆ ಹೋದರೆ ನನಗೆಂದೇ ಡಬ್ಬಿ ತುಂಬ ಚಕ್ಕುಲಿ. ಅತ್ತೆ ಎದುರಿಗೇ ಕೂತು, ಎರಡೂ ಕಣ್ಣಿಂದ ನೋಡುತ್ತಾ, ತಿನ್ನಿ ತಿನ್ನಿ ಎನ್ನುತ್ತಾರೆ. ಎರಡು ಸಲ ಅಗಿಯುವಷ್ಟರಲ್ಲಿ ನನ್ನ ದವಡೆ ನಿಂತುಹೋಗುತ್ತದೆ.