ತಲೆ ನೋಡಿ ಮಾರಿದ ಶೇರು

ಪೇಪರಿನ ಆ ನಾಲ್ಕು ಸಾಲನ್ನು ತಾರಾನಾಥ ಓದದೇ ಇದ್ದಿದ್ದರೆ ಸಂಕರ್ಷಣರ ಬೋಳು ತಲೆ ಆ ದಿನವೂ ನೆಮ್ಮದಿಯಿಂದ ಐರೋಲಿಯ ಆಫೀಸು ಸೇರುತ್ತಿತ್ತು.

ಮುಂಬಯಿಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ಕನ್ನಡಿಗರದೊಂದು ಗುಂಪಿತ್ತು. ದಿನವೂ ಒಂದೇ ಡಬ್ಬಿ, ಒಂದೇ ಮೂಲೆ. ಶೇರು ಕೊಳ್ಳುವುದೂ ಮಾರುವುದೂ ಒಟ್ಟಿಗೇ. ಸಂಕರ್ಷಣ ಮೂರು ತಿಂಗಳಿಂದ ಸೋರಿಯಾಸಿಸ್‌ಗೆ ತೆಗೆದುಕೊಳ್ಳುತ್ತಿದ್ದ ಕ್ಯಾಪ್ಸೂಲು ಬೋಳು ತಲೆಯಲ್ಲೂ ಕೂದಲು ಬೆಳೆಸಬಹುದು ಎಂಬ ಸುದ್ದಿ ಹಬ್ಬಿದಾಗ, ಗುಂಪಿಗೆ ಗುಂಪೇ ಅದನ್ನು ತಯಾರಿಸುವ ಅಂಬರನಾಥದ ಸಣ್ಣ ಕಂಪನಿಯ ಶೇರು ಕೊಂಡಿತ್ತು. ಐರೋಲಿಯಲ್ಲಿ ಫ್ಲಾಟು ಕೊಳ್ಳಲು ಕೂಡಿಟ್ಟದ್ದನ್ನೆಲ್ಲ ಸಂಕರ್ಷಣ ಅದಕ್ಕೇ ಸುರಿದಿದ್ದರು.

“ಕಂಪನಿಯವರ ಕೂದಲಿನ ಪರೀಕ್ಷೆಯ ರಿಸಲ್ಟು ಇವತ್ತು ಮಧ್ಯಾಹ್ನ ಅಂತೆ,” ಎಂದ ತಾರಾನಾಥ, ಪೇಪರು ಓದುತ್ತ. “ಅದಕ್ಕೆಂತ ಕಾಯುದು ಮಾರಾಯ್ರೆ? ಔಷಧಿ ತಿಂದ ತಲೆ ಇಲ್ಲೇ ಉಂಟಲ್ಲ! ಬಗ್ಗಿ!”

ಸಂಕರ್ಷಣ ಬಗ್ಗಿದರು. ಗುಂಪಿನ ಶಂಕ್ರೆಪ್ಪ ಮೊಬೈಲಿನ ಟಾರ್ಚು ಹಾಕಿ, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಹುಡುಕಿದ.

“ಒಂದ ಎಳಿನೂ ಇಲ್ರೀ! ಮೂರು ತಿಂಗಳು ತಿಂದೂ ಹಿಂಗ?”

ಯಾರೋ ಅಪರಿಚಿತ, “ಕಾಕಾ, ಜರಾ ಇಧರ್ ಭೀ,” ಎಂದು ತಲೆಯನ್ನು ತನ್ನತ್ತ ತಿರುಗಿಸಿಕೊಂಡು ನೋಡಿದ. ಅವನೂ ತಲೆಯಾಡಿಸಿದ.

ಥಾಣೆ ಸ್ಟೇಷನ್ನಿನಲ್ಲಿ ಇಳಿಯುವಷ್ಟರಲ್ಲಿ ಮಾರ್ಕೆಟ್ಟು ತೆರೆದಿತ್ತು. ಪ್ಲಾಟ್‌ಫಾರ್ಮಿನಲ್ಲೇ ಎಲ್ಲರೂ ಬ್ರೋಕರಿಗೆ ಫೋನು ಹಚ್ಚಿ, “ಎಲ್ಲಾ ಮಾರು!” ಎಂದರು. ಸಂಕರ್ಷಣರಿಗೂ ತಮ್ಮ ತಲೆಯ ಮೇಲೆ ಭರವಸೆ ಉಳಿಯಲಿಲ್ಲ. ಬಂದಷ್ಟಕ್ಕೆ ಮಾರಿಬಿಟ್ಟರು.

ಮಧ್ಯಾಹ್ನ ಎರಡಕ್ಕೆ ರಿಸಲ್ಟು ಬಂತು. ನೂರರಲ್ಲಿ ಎಂಬತ್ತು ಮಂದಿಗೆ ಕೂದಲು! ಶೇರು ಒಂದೇ ಸಮನೆ ಏರಿತು. ಆಫೀಸಿನಲ್ಲಿ ಸಂಕರ್ಷಣರಿಗೆ ಕೈಯಲ್ಲಿದ್ದ ಚಹಾ ಸಾಹೇಬರ ಫೈಲಿನ ಮೇಲೆ ಚೆಲ್ಲಿದ್ದೂ ತಿಳಿಯಲಿಲ್ಲ.

ಫೋನು ಬಾಯಿ ಮುಚ್ಚಲಿಲ್ಲ. “ನಿಮ್ಮ ತಲಿ ನಂಬಿ ಮುಳುಗಿದ್ವಲ್ರೀ!” ಎಂದ ಶಂಕ್ರೆಪ್ಪ.

“ಆ ಎಂಬತ್ತರಲ್ಲಿ ಒಬ್ಬರಾಗ್ಲಿಕ್ಕೆ ನಿಮಗೆಂತ ದಾಡಿ?” ಎಂದ ತಾರಾನಾಥ.

ಸಂಜೆ ಹೆಂಡತಿ ವೇದಾವತಿ ಸೌಟು ಹಿಡಿದುಕೊಂಡೇ ಬಾಗಿಲು ತೆಗೆದಳು. “ಟೀವಿಯಲ್ಲಿ ನೋಡಿದೆ! ಪಾಯಸ ಮಾಡಿದ್ದೇನೆ.”

ಶೇರು ಮಾರಿದ್ದನ್ನು ಸಂಕರ್ಷಣ ಮುಚ್ಚಿಟ್ಟರು. ಚಪ್ಪಲಿ ಸಮೇತ ಕುರ್ಚಿಯಲ್ಲಿ ಕುಸಿದರು.

“ವೇದಾ, ದಿನಾ ನೀನು ಜೇನಿನಲ್ಲಿ ಕಲಸಿ ಕೊಡುದು ಆ ಕ್ಯಾಪ್ಸೂಲಿನ ಒಳಗಿನ ಪುಡಿಯೇ ಅಲ್ವಾ?”

“ಕೃಷ್ಣ ಕೃಷ್ಣ! ಅದರ ಸಿಪ್ಪೆಯನ್ನು ಎಲುಬಿನಿಂದ ಮಾಡುದಂತೆ, ಮೆಡಿಕಲಿನವನೇ ಹೇಳಿದ. ಏಕಾದಶಿ ಮಾಡುವವರ ಬಾಯಿಗೆ ಆ ಎಲುಬಿಗೆ ತಾಗಿದ ಪುಡಿಯನ್ನು ಹಾಕ್ತೇನಾ? ತಂದದ್ದೆಲ್ಲ ಕಸಕ್ಕೆ ಹೋಗಿದೆ. ನಿಮಗೆ ಕೊಡುದು ಶುಂಠಿ ಪುಡಿ. ಅದಿರ್ಲಿ, ಫ್ಲಾಟಿನ ಕೀ ಯಾವಾಗ ಸಿಗ್ತದೆ?”